ಅರ್ಧ ಗಂಟೆ ನೋಡಿ ‘ಬುದ್ಧಿ ಕಡಿಮೆ’ ಅಂದುಬಿಟ್ಟರು, ಈಗೇನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಎರಡನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ. ಆಮೇಲೆ ಮಂಡ್ಯದ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದೆವು, ಈಗ ನಾಲ್ಕನೇ ಕ್ಲಾಸು. ಮಾತಿನಲ್ಲಿ ಚುರುಕು. ಅಂಗಡಿಗೆ ಕಳಿಸಿದರೆ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಆಲೆಮನೆಯಲ್ಲಿ ಬೆಲ್ಲ ಹೇಗೆ ಮಾಡ್ತಾರೆ ಅಂತ ಹೇಳೋಕೆ ಶುರು ಮಾಡಿದರೆ ನಿಲ್ಲಿಸೋದೇ ಇಲ್ಲ. ಆದರೆ ಪುಸ್ತಕ ತೆಗೆದರೆ ಹೊಟ್ಟೆನೋವು ಅಂತಾನೆ. ಬೋರ್ಡ್ ನೋಡಿ ಬರೆಯೋಕೆ ಹೇಳಿದರೆ ಅರ್ಧ ಸಾಲಿಗೇ ನಿಲ್ಲಿಸುತ್ತಾನೆ. ಎರಡು ಟ್ಯೂಷನ್ ಹಾಕಿದೆವು. ಅವರಪ್ಪ ಹೊಡೆದೂ ನೋಡಿದರು. ಅತ್ತೆ, ‘ಅವನ ಅಪ್ಪನೂ ಹಿಂಗೇ ಇದ್ದ ಬಿಡು’ ಅಂತಾರೆ. ಒಂದು ಕಡೆ ತೋರಿಸಿದಾಗ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಏನೇನೋ ಕೇಳಿ, ಬುದ್ಧಿಮಟ್ಟ ಕಡಿಮೆ ಅಂತ ಬರೆದು, ಟಾನಿಕ್ ಕೊಟ್ಟರು. ಈಗ ಶಾಲೆಯವರು ಟಿಸಿ ತಗೊಂಡು ಹೋಗಿ ಅಂತಿದ್ದಾರೆ.
– ಒಬ್ಬ ತಾಯಿ

ಉತ್ತರ: ಅಮ್ಮ, ಮೊದಲು ಟಿಸಿ ವಿಷಯ. ತೆಗೆದುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. 2019ರಲ್ಲಿ ಅದಕ್ಕೆ ತಿದ್ದುಪಡಿ ಬಂತು, ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲು ಮಾಡುವುದಕ್ಕೆ ದಾರಿಯಾಯಿತು, ಆದರೆ ಹೊರಗೆ ಹಾಕುವುದಕ್ಕೆ ಆಗಲಿಲ್ಲ. ಮತ್ತೆ ಟಿಸಿ ಅಂದರೆ, ‘ಯಾಕೆ ಅಂತ ಬರೆದುಕೊಡಿ ಸಾರ್’ ಅಂತ ಕೇಳಿ, ಸಾಕು.

ಇನ್ನು ಆ ಚೀಟಿ. ಮನೆಯಲ್ಲಿ, ಬೀದಿಯಲ್ಲಿ, ಹೊಲದಲ್ಲಿ ಕನ್ನಡವನ್ನೇ ಆಡುವ ಹುಡುಗನಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ತಿಳಿಯುವುದು ಅವನ ಇಂಗ್ಲಿಷ್ ಎಷ್ಟು ಅನ್ನುವುದು. ಅವನ ಬುದ್ಧಿ ಎಷ್ಟು ಅಂತ ಅದರಿಂದ ಹೇಳಲು ಬರುವುದಿಲ್ಲ. ಚಿಲ್ಲರೆ ಲೆಕ್ಕ ಮಾಡುವವನು, ಬೆಲ್ಲ ಮಾಡುವುದನ್ನು ಮೊದಲಿಂದ ಕೊನೆಯವರೆಗೆ ಹೇಳುವವನು ಅಂತ ನೀವೇ ಬರೆದಿದ್ದೀರಿ. ಅದಕ್ಕೂ ಆ ಚೀಟಿಗೂ ತಾಳೆ ಆಗುತ್ತಿಲ್ಲ ಅಲ್ವಾ? ಅದಕ್ಕೇ ಮತ್ತೊಮ್ಮೆ, ಸರಿಯಾಗಿ ಪರೀಕ್ಷೆ ಮಾಡಿಸಬೇಕು. ಹಾಗಂತ ನಾನೂ ಇಲ್ಲಿ ಕೂತು ಅವನ ತೊಂದರೆಗೆ ಹೆಸರಿಡುವುದಿಲ್ಲ. ನೋಡದೆ ಹೆಸರಿಟ್ಟರೆ ಅವರು ಮಾಡಿದ್ದನ್ನೇ ನಾನೂ ಮಾಡಿದ ಹಾಗಾಗುತ್ತದೆ.

ಆದರೆ ಮನೆಯಲ್ಲಿ ನೀವೇ ಒಂದು ಕೆಲಸ ಮಾಡಬಹುದು. ಅವನು ಓದಿದ ಎರಡನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆಯಿರಿ. ಒಂದು ಪಾಠ ನೀವು ಓದಿ ಹೇಳಿ, ಏನಾಯ್ತು ಅಂತ ಕೇಳಿ. ಇನ್ನೊಂದು ದಿನ ಬೇರೆ ಪಾಠವನ್ನು ಅವನ ಕೈಲೇ ಓದಿಸಿ ಕೇಳಿ. ಕೇಳಿದ್ದೆಲ್ಲ ಅರ್ಥವಾಗಿ, ಓದಿದ್ದು ಮಾತ್ರ ಅರ್ಥವಾಗದಿದ್ದರೆ ತೊಂದರೆ ಓದಿನಲ್ಲಿದೆ. ಕನ್ನಡವನ್ನು ಸಲೀಸಾಗಿ ಓದಿ ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ ಅದು ಹೆಚ್ಚಾಗಿ ಭಾಷೆ ಬದಲಾದ ಕಷ್ಟ. ಎರಡರಲ್ಲೂ ಒಂದೇ ಥರ ತಡವರಿಸಿದರೆ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಕಲಿಯುವುದರಲ್ಲಿ ಬರುವ ತೊಂದರೆ, ಇದೆಯಾ ಅಂತ ನೋಡಿಸಬೇಕು. ಓದಿನಲ್ಲಿ ಬರುವ ಈ ನ್ಯೂನತೆಗೇ ಡಿಸ್ಲೆಕ್ಸಿಯಾ ಅನ್ನುವುದು.

ಬರವಣಿಗೆ ನೋಡುವಾಗ ಒಂದು ಎಚ್ಚರ ಇರಲಿ. ‘ಹಾಲು’ ಬದಲು ‘ಆಲು’ ಅಂತಲೋ, ‘ಭತ್ತ’ ಬದಲು ‘ಬತ್ತ’ ಅಂತಲೋ ಬರೆದರೆ ಗಾಬರಿ ಬೇಡ. ನಮ್ಮ ಕಡೆ ಮಾತೇ ಹಾಗೆ, ಮಗು ಕೇಳಿದ್ದನ್ನು ಬರೆಯುತ್ತದೆ. ಆದರೆ ಬಾಯಲ್ಲಿ ಸರಿಯಾಗಿ ‘ಅಕ್ಕ’, ‘ಹಬ್ಬ’ ಅಂದು, ನಾಲ್ಕನೇ ಕ್ಲಾಸಿಗೆ ಬಂದರೂ ‘ಅಕ’, ‘ಹಬ’ ಅಂತ ಬರೆಯುತ್ತಿದ್ದರೆ, ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಟ್ಟರೆ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆದರೆ ಗುರುತು ಹಾಕಿಟ್ಟುಕೊಳ್ಳಿ. ಪರೀಕ್ಷೆ ಮಾಡುವವರಿಗೆ ಇದು ತುಂಬಾ ಬೇಕಾಗುತ್ತದೆ.

ಎಲ್ಲಿಗೆ ಹೋಗಬೇಕು? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ ಆಯಿಷ್ ಅನ್ನುತ್ತಾರೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಹೆಸರು ನೋಡಿ ಕಿವಿ ಕೇಳದವರಿಗೆ, ಮಾತು ಬಾರದವರಿಗೆ ಮಾತ್ರ ಅಂದುಕೊಳ್ಳುವವರೇ ಜಾಸ್ತಿ. ಅಲ್ಲಿ ಮನಶ್ಶಾಸ್ತ್ರ ವಿಭಾಗವೂ ಇದೆ, ವಿಶೇಷ ಶಿಕ್ಷಣ ವಿಭಾಗವೂ ಇದೆ. ಮಂಡ್ಯದಲ್ಲೇ ಶುರು ಮಾಡುವುದಾದರೆ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ.

ಎಲ್ಲೇ ಹೋದರೂ ಮೊದಲು ಕಿವಿ, ಕಣ್ಣು ತೋರಿಸಿ. ಪದೇ ಪದೇ ಶೀತವಾಗುವ ಮಕ್ಕಳಿಗೆ ಕಿವಿ ತಮಟೆಯ ಹಿಂದೆ ನೀರು ನಿಂತು ಒಂದು ವಾರ ಕೇಳಿಸಿ ಒಂದು ವಾರ ಕೇಳಿಸದೆ ಇರಬಹುದು, ಅದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಬುದ್ಧಿಮಟ್ಟದ ಪರೀಕ್ಷೆ, ಅದು ಕನ್ನಡದಲ್ಲೇ ಆಗಲಿ ಅಂತ ಬಾಯಿಬಿಟ್ಟು ಕೇಳಿ. ಕೊನೆಗೆ ಓದು, ಬರಹ, ಲೆಕ್ಕದ ಪರೀಕ್ಷೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಒಂದು ಕಟ್ಟೇ ಇದೆ. ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನೂ ನೋಡಬೇಕು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರುವ ಮಗುವೂ ಬೋರ್ಡಿನ ಅರ್ಧ ಸಾಲಿಗೇ ನಿಲ್ಲಬಹುದು, ಆದರೆ ಅದರ ಕಾರಣ ಬೇರೆ, ಚಿಕಿತ್ಸೆ ಬೇರೆ. ಟಾನಿಕ್ ನಿಲ್ಲಿಸಿಬಿಡಿ. ಓದಿನ ನ್ಯೂನತೆಯನ್ನು ವಾಸಿ ಮಾಡುವ ಟಾನಿಕ್ ಯಾವುದೂ ಇಲ್ಲ.

ಹೋಗುವಾಗ ಎರಡು ವರ್ಷದ ನೋಟ್‌ಬುಕ್ ತಗೊಂಡು ಹೋಗಿ, ಚೆನ್ನಾಗಿರುವುದನ್ನು ಆರಿಸಬೇಡಿ. ಹಳೆಯ ಚೀಟಿಯನ್ನೂ ತೋರಿಸಿ. ರಿಪೋರ್ಟ್ ಕೊಡುವಾಗ ‘ಇದರಲ್ಲಿ ಟೀಚರ್ ಏನು ಮಾಡಬೇಕು ಅಂತ ಎಲ್ಲಿದೆ?’ ಅಂತ ಕೇಳಿ. ಬರೀ ಹೆಸರಿರುವ ರಿಪೋರ್ಟು ಬೀರುವಿನಲ್ಲಿ ಕೂರುತ್ತದೆ, ಅಷ್ಟೇ.

ಶಾಲೆಯಲ್ಲಿ ಸಹಾಯ ಕೇಳುವುದಕ್ಕೆ ರಿಪೋರ್ಟ್ ಬರುವವರೆಗೆ ಕಾಯಬೇಡಿ. ಹೆಡ್‌ಮಾಸ್ಟರಿಗೆ ಒಂದು ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಪತ್ರದಲ್ಲಿ ಇಷ್ಟು ಕೇಳಿ: ಎಲ್ಲರ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಬಾರದು. ಬೋರ್ಡಿನಲ್ಲಿ ಬರೆದದ್ದರ ಪ್ರತಿ ಕೈಗೆ ಕೊಡಬೇಕು. ಲೆಕ್ಕದ ಪ್ರಶ್ನೆಯನ್ನು ಓದಿ ಹೇಳಬೇಕು. ಬರೆಯಲಾಗದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಬೇಕು. ಇಷ್ಟಕ್ಕೆ ದುಡ್ಡು ಬೇಕಿಲ್ಲ, ಮನಸ್ಸು ಬೇಕು. ನಲವತ್ತು ಮಕ್ಕಳ ನಡುವೆ ಟೀಚರಿಗೂ ಕಷ್ಟವೇ, ಅದನ್ನು ಒಪ್ಪಿಕೊಂಡೇ ಕೇಳಿ. ಸ್ಪಂದಿಸದಿದ್ದರೆ ಮದ್ದೂರಿನಲ್ಲಲ್ಲ, ಶಾಲೆ ಇರುವ ಮಂಡ್ಯದ ಬಿಇಒ ಕಚೇರಿಗೆ ಹೋಗಿ. ಅಂಗವಿಕಲತೆ ಇರುವ ಮಕ್ಕಳಿಗಾಗಿ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರನ್ನು ಕೇಳಿ. ಅವರ ಕೆಲಸ ಮುಖ್ಯವಾಗಿ ಸರ್ಕಾರಿ ಶಾಲೆಗಳಲ್ಲಿ. ಊರಿನ ಕನ್ನಡ ಶಾಲೆಗೆ ವಾಪಸ್ ಸೇರಿಸಬೇಕಾ ಅನ್ನುವುದನ್ನು ರಿಪೋರ್ಟ್ ನೋಡಿ ತೀರ್ಮಾನಿಸಿ, ಆದರೆ ಅದನ್ನು ಸೋಲು ಅಂದುಕೊಳ್ಳಬೇಡಿ.

ಕಲಿಕಾ ನ್ಯೂನತೆ ಅಂತ ಗೊತ್ತಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಅದೂ ಸೇರಿದೆ. ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಮಾಡಿಸಬಹುದು, ನಿಮ್ಮ ಮಗನಿಗೆ ವಯಸ್ಸಾಗಿದೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕರು, ಇವೆಲ್ಲ ಕೇಳಲು ಅದು ಬೇಕು.

ಮತ್ತೆ ಅವರಪ್ಪನ ವಿಷಯ. ಹೊಡೆಯುವುದು ಇವತ್ತೇ ನಿಲ್ಲಲಿ. ನಿಮ್ಮ ಅತ್ತೆಯ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ, ಓದಿನ ತೊಂದರೆ ವಂಶದಲ್ಲಿ ಬರುವುದು ಹೌದು. ಇದೇ ಕಾರಣಕ್ಕೆ ಚಿಕ್ಕಂದಿನಲ್ಲಿ ಅವರಪ್ಪನೂ ಹೊಡೆತ ತಿಂದಿರಬಹುದು. ಪರೀಕ್ಷೆಯ ದಿನ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

ಒಂದೇ ದಿನಕ್ಕೆ ಎಲ್ಲಾ ಮುಗಿಯುತ್ತದೆ ಅಂತ ಹೋಗಬೇಡಿ, ಎರಡು ಮೂರು ಸಲ ಓಡಾಡಬೇಕಾಗಬಹುದು. ಬೆಳಗಿನ ರೈಲಿಗೆ ಹೊರಡಿ. ಮಗನಿಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ, ಹಸಿದ ಮಗು ಗೊತ್ತಿರುವುದನ್ನೂ ಹೇಳುವುದಿಲ್ಲ. ದಾರಿಯಲ್ಲಿ ಅವನಿಗೆ ಹೇಳಿ: ಅಲ್ಲಿ ಪಾಸು ಫೇಲು ಇಲ್ಲ, ನಿನಗೆ ಓದೋಕೆ ಯಾಕೆ ಕಷ್ಟ ಆಗ್ತಿದೆ ಅಂತ ಅವರು ಹುಡುಕ್ತಾರೆ, ತಪ್ಪು ನಿನ್ನದಲ್ಲ ಮಗ.