ಒಥೆಲೊ ಯಾರನ್ನೂ ಕೇಳಲೇ ಇಲ್ಲವೇ?

ಪ್ರಿಯ ಓದುಗರೇ,

ಷೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದ ಮೇಲೆ ನಿಮ್ಮ ಸಿಟ್ಟು ಪತ್ರದ ತುಂಬ ಕಾಣುತ್ತದೆ. ‘ಅಷ್ಟು ದೊಡ್ಡ ಸೇನಾಪತಿ ಒಂದು ಕರವಸ್ತ್ರಕ್ಕಾಗಿ ಹೆಂಡತಿಯನ್ನು ಕೊಲ್ಲುತ್ತಾನೆ ಅಂದರೆ ಅದು ದುರಂತವಲ್ಲ, ದಡ್ಡತನ. ಒಂದು ಮಾತು ಕೇಳಿದ್ದರೆ ಮುಗಿದು ಹೋಗುತ್ತಿತ್ತು’ ಎಂದಿದ್ದೀರಿ. ಈ ತಕರಾರು ಹಳೆಯದೇ. ಥಾಮಸ್ ರೈಮರ್ ಎಂಬ ವಿಮರ್ಶಕ 1693ರಲ್ಲೇ ‘ಒಂದು ಕರವಸ್ತ್ರಕ್ಕೆ ಇಷ್ಟೊಂದು ರಾದ್ಧಾಂತವೇ’ ಎಂದು ಗೇಲಿ ಮಾಡಿದ್ದ.

ಆದರೆ ಮೂರನೇ ಅಂಕದ ಮೂರನೇ ದೃಶ್ಯವನ್ನು ಇನ್ನೊಮ್ಮೆ ಓದಿ ನೋಡಿ. ಒಥೆಲೊನ ಹೆಂಡತಿ ಡೆಸ್ಡಿಮೋನಳಿಗೂ ಅವನ ಉಪಸೇನಾನಿ ಕ್ಯಾಸಿಯೊನಿಗೂ ಸಂಬಂಧವಿದೆ ಎಂದು ನಂಬಿಸುವವನು ಒಥೆಲೊನ ಕೈಕೆಳಗಿನ ಅಧಿಕಾರಿ ಇಯಾಗೊ. ಆದರೆ ಅವನು ಮೊದಲಿಗೆ ಆರೋಪ ಮಾಡುವುದೇ ಇಲ್ಲ. ಕ್ಯಾಸಿಯೊ ಡೆಸ್ಡಿಮೋನಳ ಬಳಿಯಿಂದ ಎದ್ದುಹೋದದ್ದನ್ನು ನೋಡಿ ‘ಯಾಕೋ ಇದು ನನಗೆ ಸರಿ ಕಾಣಲಿಲ್ಲ’ ಎಂದು ಗೊಣಗುತ್ತಾನೆ, ಅಷ್ಟೇ. ಆಮೇಲೆ ಒಥೆಲೊ ಏನು ಕೇಳಿದರೂ ಅದೇ ಮಾತನ್ನು ತಿರುಗಿಸಿ ಹೇಳುತ್ತಾನೆ. ಉಳಿದದ್ದನ್ನೆಲ್ಲ ತುಂಬಿಕೊಳ್ಳುವವನು ಒಥೆಲೊ. ತಾನು ಕಪ್ಪು ಮನುಷ್ಯ, ವಯಸ್ಸಾಯಿತು, ನಯವಾಗಿ ಮಾತಾಡಲು ಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ತನ್ನ ಸೈನಿಕ ಬದುಕು ಮುಗಿಯಿತೆಂದು ಗೋಳಾಡುತ್ತಾನೆ. ಒಥೆಲೊ ಡೆಸ್ಡಿಮೋನಳಿಗೆ ಕೊಟ್ಟಿದ್ದ ಕರವಸ್ತ್ರವನ್ನು ಕ್ಯಾಸಿಯೊ ಕೈಯಲ್ಲಿ ಕಂಡೆ ಎಂದು ಇಯಾಗೊ ಹೇಳುವುದು ಇದೆಲ್ಲ ಆದ ಮೇಲೆ. ಅಷ್ಟರಲ್ಲಿ ಮನಸ್ಸು ಕೆಟ್ಟಾಗಿತ್ತು.

ಒಥೆಲೊ ದಿನಗಳ ಲೆಕ್ಕ ಹಾಕಿದ್ದರೂ ಸಾಕಿತ್ತು, ಅಲ್ವಾ? ಎಲ್ಲರೂ ವೆನಿಸ್‌ನಿಂದ ಬಂದು ಸೈಪ್ರಸ್ ದ್ವೀಪದಲ್ಲಿ ಇಳಿದ ಮೇಲೆ ಕಥೆ ನಡೆಯುವುದು ಹೆಚ್ಚುಕಮ್ಮಿ ಎರಡು ದಿನ. ಡೆಸ್ಡಿಮೋನ ಬಂದ ಹಡಗು ಬೇರೆ, ಕ್ಯಾಸಿಯೊ ಬಂದ ಹಡಗು ಬೇರೆ. ಮತ್ತೆ ಮತ್ತೆ ಕಳ್ಳತನದಿಂದ ಸೇರಲು ಅವರಿಗೆ ಹೊತ್ತಾದರೂ ಎಲ್ಲಿತ್ತು? (ನಾಟಕ ನೋಡುವಾಗ ನಮಗೂ ಇದು ಹೊಳೆಯುವುದಿಲ್ಲ. ಅದು ಬರೆದವನ ಚಾಲಾಕಿ.)

ಒಥೆಲೊ ಯಾರನ್ನೂ ಕೇಳಲಿಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾಲ್ಕನೇ ಅಂಕದಲ್ಲಿ ಇಯಾಗೊನ ಹೆಂಡತಿ ಎಮಿಲಿಯಳನ್ನು ಕೂರಿಸಿಕೊಂಡು ಕೇಳುತ್ತಾನೆ. ಸದಾ ಡೆಸ್ಡಿಮೋನಳ ಜೊತೆಗೇ ಇರುವವಳು ಅವಳು. ತಾನು ಏನನ್ನೂ ನೋಡಿಲ್ಲ, ಕೇಳಿಲ್ಲ, ಬೇಕಾದರೆ ನನ್ನ ಆತ್ಮವನ್ನೇ ಪಣಕ್ಕಿಡುತ್ತೇನೆ ಎನ್ನುತ್ತಾಳೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಇಂಥವಳು ಇನ್ನೇನು ಹೇಳಿಯಾಳು, ಇವಳೂ ಅದರಲ್ಲಿ ಪಾಲುದಾರಳೇ ಎಂದುಕೊಳ್ಳುತ್ತಾನೆ ಅವನು. ಸಂಶಯ ಹೊಕ್ಕ ಮೇಲೆ ‘ಇಲ್ಲ’ ಎಂಬ ಉತ್ತರವೂ ‘ಹೌದು’ ಎಂದೇ ಕೇಳಿಸುತ್ತದೆ. ಇದನ್ನು ದಡ್ಡತನ ಎಂದು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬುದ್ಧಿವಂತರಿಗೂ ಹೀಗಾಗುತ್ತದೆ. ಅವರಿಗೇ ಜಾಸ್ತಿ ಆಗುತ್ತದೇನೋ.

ಇಯಾಗೊನನ್ನೇ ನೋಡಿ. ನಾಟಕದಲ್ಲಿ ಅವನಷ್ಟು ಚುರುಕು ತಲೆ ಯಾರಿಗೂ ಇಲ್ಲ. ತನ್ನ ಹೆಂಡತಿಗೂ ಒಥೆಲೊನಿಗೂ ಸಂಬಂಧವಿತ್ತು ಎಂಬ ಗುಮಾನಿ ಅವನಿಗೆ. ನಿಜವೋ ಸುಳ್ಳೋ ಗೊತ್ತಿಲ್ಲ, ಆದರೂ ನಿಜವೆಂದೇ ನಡೆದುಕೊಳ್ಳುತ್ತೇನೆ ಎಂದು ಮೊದಲ ಅಂಕದಲ್ಲೇ ಬಾಯಿಬಿಟ್ಟು ಹೇಳುತ್ತಾನೆ. ತನಗೆ ಹತ್ತಿದ ರೋಗವನ್ನೇ ಅವನು ಒಥೆಲೊನಿಗೆ ಅಂಟಿಸುವುದು.

ಕೊನೆಗೆ ಹಾಸಿಗೆಯಲ್ಲಿ ಡೆಸ್ಡಿಮೋನ ನಿಮ್ಮ ಮಾತನ್ನೇ ಹೇಳುತ್ತಾಳೆ: ಕ್ಯಾಸಿಯೊನನ್ನು ಕರೆಸಿ ಕೇಳಿ. ಇಯಾಗೊನ ಕೈಯಲ್ಲಿ ಕ್ಯಾಸಿಯೊ ಸತ್ತನೆಂದು ನಂಬಿದ ಒಥೆಲೊ ಅವಳನ್ನು ಕೊಲ್ಲುತ್ತಾನೆ. ಕ್ಯಾಸಿಯೊ ಸತ್ತಿರಲಿಲ್ಲ, ಕಾಲಿಗೆ ಗಾಯವಾಗಿತ್ತು ಅಷ್ಟೇ. ಕರವಸ್ತ್ರ ನಿನಗೆ ಹೇಗೆ ಸಿಕ್ಕಿತು ಎಂದು ಒಥೆಲೊ ಅವನನ್ನು ಕೇಳುವುದು ಎಲ್ಲ ಮುಗಿದ ಮೇಲೆ. ನನ್ನ ಕೋಣೆಯಲ್ಲಿ ಬಿದ್ದಿತ್ತು, ಇಯಾಗೊನೇ ಹಾಕಿದ್ದನಂತೆ ಎನ್ನುತ್ತಾನೆ ಕ್ಯಾಸಿಯೊ. ಆ ಉತ್ತರವನ್ನು ಒಥೆಲೊ ಮರುಮಾತಿಲ್ಲದೆ ನಂಬುತ್ತಾನೆ.

– ಸಂಪಾದಕ