ಹೆಡ್‌ಫೋನ್‌ನಲ್ಲಿ ಸಿಗದ್ದು ರಾಕ್ ಶೋನಲ್ಲಿ ಏನು ಸಿಗುತ್ತದೆ?

ನಿಮ್ಮ ಪ್ರಶ್ನೆ ಇದು: "ಮೊದಲ ಸಲ ಒಂದು ದೊಡ್ಡ ರಾಕ್ ಬ್ಯಾಂಡಿನ ಲೈವ್ ಶೋಗೆ ಟಿಕೆಟ್ ತಗೊಂಡಿದ್ದೇನೆ, ಅದೂ ಹಿಂದಿನ ಭಾಗದ್ದು. ಇಷ್ಟು ದುಡ್ಡು ಕೊಟ್ಟು ಅಲ್ಲಿ ನಿಂತು ನೋಡುವುದಕ್ಕಿಂತ ಮನೇಲಿ ಒಳ್ಳೆ ಹೆಡ್‌ಫೋನ್‌ನಲ್ಲಿ ಕೇಳಿದರೆ ಸಾಲದಾ? ಹೋಗಿ ಬಂದವರು ಹೇಳಿ."

ಹೋಗಿ ಬಂದವನಾಗಿ ಹೇಳುತ್ತೇನೆ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಬೆಂಗಳೂರಿಗೆ ಬಂದ ದಿನ ನಾನು ಅಲ್ಲಿದ್ದೆ. 2011ರ ಅಕ್ಟೋಬರ್ 30, ಭಾನುವಾರ, ಅರಮನೆ ಮೈದಾನ. ಆಗ ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ನನ್ನ ಜೊತೆ ಹಾಸ್ಟೆಲ್ ರೂಮ್‌ಮೇಟ್ ಬಂದಿದ್ದ. ದಾವಣಗೆರೆ ಕಡೆಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಅವನಿಗೆ ಮೆಟಾಲಿಕಾ ಹಾಡುಗಳ ಮಾತು ಅರ್ಧಕ್ಕರ್ಧ ಗೊತ್ತಿರಲಿಲ್ಲ. ಆದರೆ ಗಿಟಾರ್ ಎಲ್ಲಿ ಏರುತ್ತೆ, ಎಲ್ಲಿ ಇಳಿಯುತ್ತೆ, ಡ್ರಮ್ ಎಲ್ಲಿ ನಿಂತು ಮತ್ತೆ ಶುರುವಾಗುತ್ತೆ ಅನ್ನೋದು ಒಂದೂ ತಪ್ಪದೆ ಬಾಯಿಗೆ ಬರುತ್ತಿತ್ತು. ಸ್ನಾನ ಮಾಡುವಾಗಲೂ ಸೋಲೋ, ಅಂದರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಗುನುಗುತ್ತಿದ್ದ. ಇವನ ವಿಷಯ ಆಮೇಲೆ ಮತ್ತೆ ಬರುತ್ತದೆ.

ಅವತ್ತು ಮಳೆ ಬಂದು ಮೈದಾನವೆಲ್ಲ ಕೆಸರು. ಕಾಲಿಟ್ಟರೆ ಶೂ ಒಳಗೇ ಹೋಗುತ್ತಿತ್ತು. ಎರಡು ದಿನ ಮೊದಲು, ಶುಕ್ರವಾರ, ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಮೆಟಾಲಿಕಾದವರ ಮೊದಲ ಭಾರತದ ಶೋ ಆಗಬೇಕಿತ್ತು. ಸ್ಟೇಜ್ ಮುಂದಿನ ಬ್ಯಾರಿಕೇಡ್ ಜನರ ಒತ್ತಡಕ್ಕೆ ತಡೆಯಲಿಲ್ಲ. ಶೋ ಮುಂದೂಡಿದರು, ಆಮೇಲೆ ಅದು ರದ್ದೇ ಆಯಿತು. ಸಿಟ್ಟಿಗೆದ್ದ ಕೆಲವರು ಸ್ಟೇಜ್ ಹತ್ತಿ ಸಾಮಾನು ಒಡೆದರು. ಹಾಗಾಗಿ ಈ ಬ್ಯಾಂಡ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ದೆಹಲಿಯಲ್ಲಿ ನಿರಾಸೆಯಾದ ಎಷ್ಟೋ ಜನ ಸಿಕ್ಕಿದ ವಿಮಾನ ಹಿಡಿದು ಇಲ್ಲಿಗೆ ಬಂದಿದ್ದರು. ನನ್ನ ಪಕ್ಕದಲ್ಲೇ ಅಂಥ ಒಬ್ಬ ನಿಂತಿದ್ದ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. "ಅವರು ಸ್ಟೇಜ್ ಮೇಲೆ ಬರೋವರೆಗೂ ನಾನು ನಂಬಲ್ಲ" ಎಂದು ಹಿಂದಿಯಲ್ಲಿ ಹೇಳುತ್ತಲೇ ಇದ್ದ.

ಮೊದಲು ನುಡಿಸಿದ ಬ್ಯಾಂಡ್‌ಗಳಲ್ಲಿ ನಮ್ಮೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ಇತ್ತು, ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಇತ್ತು. ಚೆನ್ನಾಗಿಯೇ ನುಡಿಸಿದರು. ಆದರೆ ನಿಜ ಹೇಳಬೇಕೆಂದರೆ ನಮ್ಮ ಮನಸ್ಸೆಲ್ಲ ಮುಂದೆ ಬರುವವರ ಮೇಲೇ ಇತ್ತು.

ಕತ್ತಲಾದ ಮೇಲೆ ಲೈಟು ಆರಿತು. ಎನ್ನಿಯೋ ಮೊರಿಕೋನೆ 1966ರ ಒಂದು ಕೌಬಾಯ್ ಸಿನಿಮಾಗೆ ಮಾಡಿದ ಸಂಗೀತ ಶುರುವಾಯಿತು. ಮೆಟಾಲಿಕಾದವರು 1983ರಿಂದ ಇದನ್ನು ಹಾಕಿಕೊಂಡೇ ಸ್ಟೇಜಿಗೆ ಬರುತ್ತಾರೆ. ಅದರಲ್ಲಿ ಮಾತಿಲ್ಲ, ಹೆಣ್ಣು ದನಿಯ ಒಂದು ಆಲಾಪ ಮಾತ್ರ. ಆ ಆಲಾಪವನ್ನು ಇಡೀ ಮೈದಾನ ಹಾಡಲು ಶುರು ಮಾಡಿತು. ಸ್ಟೇಜ್ ಮೇಲೆ ಇನ್ನೂ ಒಬ್ಬರೂ ಇಲ್ಲ! ದೆಹಲಿಯ ಹುಡುಗ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ಅಳುತ್ತಿದ್ದ. ನನಗೂ ಗಂಟಲು ಕಟ್ಟಿತು.

ಆಮೇಲೆ ಒಂದೇ ಸಲ ಮೊದಲ ಹಾಡು, 'ಕ್ರೀಪಿಂಗ್ ಡೆತ್'. ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬಿದ್ದ ಹಾಗಾಯಿತು. ನಮ್ಮೂರ ಜಾತ್ರೆಯಲ್ಲಿ ಡೊಳ್ಳಿನವರ ಪಕ್ಕ ನಿಂತಾಗ ಹೊಟ್ಟೆಯೊಳಗೆ ಗುಂ ಅನ್ನುತ್ತದಲ್ವಾ, ಅದೇ. ಹೆಡ್‌ಫೋನ್ ಎಷ್ಟೇ ದುಬಾರಿ ಇದ್ದರೂ ಅದು ಕೊಡುವುದು ಕಿವಿಗೆ ಮಾತ್ರ. ಅಲ್ಲಿ ಇಡೀ ಮೈಗೆ ಕೇಳಿಸುತ್ತದೆ.

ಆದರೆ ಅಷ್ಟೇ ಆಗಿದ್ದರೆ, ದೊಡ್ಡ ಸ್ಪೀಕರ್ ಇರುವ ಯಾವ ಜಾಗವಾದರೂ ಸಾಕು ಅಂತ ನಿಮಗೆ ಹೇಳಿಬಿಡುತ್ತಿದ್ದೆ. ಅಲ್ಲಿ ಸಿಗುವ ನಿಜವಾದ ವಸ್ತು ಬೇರೆ. ಜನ ಗಿಟಾರನ್ನು ಹಾಡುತ್ತಾರೆ. ಹಾಡಿನ ಮಾತನ್ನಲ್ಲ, ಗಿಟಾರನ್ನು.

'ಮಾಸ್ಟರ್ ಆಫ್ ಪಪೆಟ್ಸ್' ಎಂಟೂವರೆ ನಿಮಿಷದ ಹಾಡು, 1986ರದ್ದು. ಅರ್ಧ ದಾರಿಯಲ್ಲಿ ಆ ಓಟವೆಲ್ಲ ನಿಂತು, ಗಿಟಾರು ಮೆಲ್ಲಗೆ ಒಂದು ರಾಗ ಹಿಡಿಯುತ್ತದೆ. ಎರಡು ಗಿಟಾರು ಜೊತೆಗೂಡುತ್ತವೆ, ಆಮೇಲೆ ಜೇಮ್ಸ್ ಹೆಟ್‌ಫೀಲ್ಡ್ ನಿಧಾನವಾದ ಒಂದು ಸೋಲೋ ನುಡಿಸುತ್ತಾನೆ. ಈ ಹಾಡಿನ ವೇಗದ ಸೋಲೋ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನದು, ಇದು ಮಾತ್ರ ಹಾಡುಗಾರ ಹೆಟ್‌ಫೀಲ್ಡೇ ನುಡಿಸುವುದು. ಆ ಜಾಗ ಬಂದಾಗ ನನ್ನ ರೂಮ್‌ಮೇಟ್ ಕಣ್ಣು ಮುಚ್ಚಿ ಜೋರಾಗಿ ಹಾಡುತ್ತಿದ್ದ. ಅವನ ಸ್ನಾನದ ಮನೆಯ ಹಾಡು! ನಾನು ಸುತ್ತ ನೋಡಿದೆ. ಎಲ್ಲರೂ ಅದನ್ನೇ ಹಾಡುತ್ತಿದ್ದರು. ಚೆನ್ನೈನವರು, ಮಣಿಪುರ ಮಿಜೋರಾಂ ಕಡೆಯವರು, ದೆಹಲಿಯವನು, ಎಲ್ಲರೂ. ತಾನೊಬ್ಬನೇ ಹೀಗೆ ಗುನುಗುವುದು ಅಂತ ಅವನು ಅಲ್ಲಿಯವರೆಗೂ ಅಂದುಕೊಂಡಿದ್ದನಂತೆ. ಊರಲ್ಲಿ ಅವನ ಸುತ್ತ ಈ ಸಂಗೀತ ಕೇಳುವವರು ಒಬ್ಬರೂ ಇರಲಿಲ್ಲ. ಮನೆಯವರಿಗೆ ಅದು ಬರೀ ಗಲಾಟೆ. ಕಣ್ಣು ಬಿಟ್ಟು ನನ್ನ ಭುಜ ಹಿಡಿದು, "ಮಗಾ, ಎಲ್ರಿಗೂ ಗೊತ್ತಿದೆ ಕಣೋ" ಅಂದ. ನನಗೆ ಆ ಶೋ ಅಂದರೆ ಆ ಮಾತು. ಇವತ್ತಿಗೂ.

ಇನ್ನೊಂದು ವಿಷಯ ಅವತ್ತು ಮೈಮೇಲೆ ಅನುಭವಿಸಿದೆ, ಕಾರಣ ಆಮೇಲೆ ತಿಳಿಯಿತು. ಶಬ್ದ ಒಂದು ಸೆಕೆಂಡಿಗೆ ಹೋಗುವುದು ಸುಮಾರು 340 ಮೀಟರ್ ಅಷ್ಟೇ. ನಿಮಗಿಂತ 100 ಮೀಟರ್ ಹಿಂದೆ ನಿಂತವರ ದನಿ ನಿಮ್ಮನ್ನು ಮುಟ್ಟಲು ಹತ್ತಿರ ಹತ್ತಿರ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅವರಿಗೆ ಸ್ಟೇಜಿನ ಸದ್ದು ತಲುಪುವುದೂ ನಮಗಿಂತ ತಡ. ಹಾಗಾಗಿ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಹಾಡಿನ ಸಾಲನ್ನು ನಾವು ಮುಂದಿನವರು ಹಾಡಿ ಮುಗಿಸುವಷ್ಟರಲ್ಲಿ, ಅದೇ ಸಾಲು ಹಿಂದಿನಿಂದ ಅಲೆಯ ಹಾಗೆ ಬಂದು ಬೆನ್ನಿಗೆ ತಾಗುತ್ತಿತ್ತು. ಯಾವ ರೆಕಾರ್ಡಿಂಗಿನಲ್ಲೂ ನಾನು ಇದನ್ನು ಹೀಗೆ ಕೇಳಿಲ್ಲ.

ಎಲ್ಲರಿಗೂ ನನ್ನಷ್ಟೇ ಖುಷಿಯಾಯಿತು ಅಂತ ಹೇಳಲಾರೆ. ನಮ್ಮ ಸೀನಿಯರ್ ಒಬ್ಬರು ಪಕ್ಕಕ್ಕೆ, ತುಂಬಾ ದೂರದಲ್ಲಿ ನಿಂತಿದ್ದರು. ಅವರಿಗೆ ಗಿಟಾರ್ ಸ್ಪಷ್ಟವಾಗಿ ಕೇಳಲೇ ಇಲ್ಲವಂತೆ. ಗಾಳಿ ಬೀಸಿದಾಗ ಸದ್ದು ಹೋಗಿ ಬಂದು ಮಾಡುತ್ತಿತ್ತಂತೆ. ಇದೇ ಮೈದಾನದಲ್ಲಿ 2007ರ ಮಾರ್ಚ್ 17ರಂದು ಬ್ರಿಟನ್ನಿನ ಬ್ಯಾಂಡ್ ಐರನ್ ಮೇಡನ್ ನುಡಿಸಿದಾಗಲೂ ಅವರು ಬಂದಿದ್ದರು. ಅದರ ಮುಂದೆ ಇದು ಏನೂ ಅಲ್ಲ ಅನ್ನುತ್ತಾರೆ. ನಾನು ಜಗಳ ಮಾಡಲು ಹೋಗುವುದಿಲ್ಲ. ಅವರಿಗೆ ಆ ದಿನ ಸಿಕ್ಕಿದ್ದು ನನಗೆ ಈ ದಿನ ಸಿಕ್ಕಿತು, ಅಷ್ಟೇ. ಕುಡಿಯುವ ನೀರಿನ ಹತ್ತಿರ ಹೋಗುವುದೇ ದೊಡ್ಡ ಕೆಲಸವಾಗಿತ್ತು, ಅದು ಮಾತ್ರ ನನಗೂ ತುಂಬಾ ಬೇಜಾರಾದ ವಿಷಯ. ಜನ ತಲೆಸುತ್ತಿ ಕೂತಿದ್ದನ್ನು ನೋಡಿದ್ದೇನೆ.

ಕೊನೆಯ ಹಾಡು 'ಸೀಕ್ ಅಂಡ್ ಡೆಸ್ಟ್ರಾಯ್'. ಅದು ಮುಗಿದ ಮೇಲೆ ಮೇಖ್ರಿ ಸರ್ಕಲ್‌ವರೆಗೆ ನಡೆದೇ ಬಂದೆವು. ಮಾತಾಡಲು ಇಬ್ಬರಿಗೂ ದನಿ ಉಳಿದಿರಲಿಲ್ಲ. ಮಾರನೇ ದಿನ ಸಂಜೆವರೆಗೂ ಕಿವಿಯಲ್ಲಿ ಕುಯ್ ಅನ್ನುತ್ತಿತ್ತು. ಇದನ್ನು ಹಗುರವಾಗಿ ತಗೋಬೇಡಿ. ಇಂಥ ಶೋಗಳಲ್ಲಿ ಸದ್ದು 100 ಡೆಸಿಬಲ್ ದಾಟುವುದು ಮಾಮೂಲು. ಕಿವಿಗೆ ಒಮ್ಮೆ ಆದ ಪೆಟ್ಟು ಪೂರ್ತಿ ವಾಸಿಯಾಗದೇ ಇರಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಸಾದಾ ಇಯರ್‌ಪ್ಲಗ್ ಆದರೂ ಸರಿ, ಜೇಬಿನಲ್ಲಿ ಇಟ್ಟುಕೊಳ್ಳಿ. ಹಾಕಿಕೊಂಡರೂ ಎದೆಗೆ ಬೀಳುವ ಪೆಟ್ಟು ಬಿದ್ದೇ ಬೀಳುತ್ತದೆ.

ಟಿಕೆಟ್ ಹಿಂದಿನದು ಅಂತ ಬೇಸರ ಬೇಡ. ಸ್ಟೇಜಿಗೆ ಎದುರಾಗಿ, ಜನರ ನಡುವೆ ಒಂದು ಗುಡಾರದ ಥರ ಇರುತ್ತದೆ. ಸೌಂಡ್ ಮಿಕ್ಸ್ ಮಾಡುವವರು ಅಲ್ಲಿ ಕೂತಿರುತ್ತಾರೆ. ಅವರು ತಮ್ಮ ಕಿವಿಗೆ ಹೊಂದುವ ಹಾಗೆ ಸದ್ದು ಹದ ಮಾಡುವುದರಿಂದ ಅದರ ಹತ್ತಿರ ಎಲ್ಲ ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ನಿಮ್ಮ ಟಿಕೆಟ್ಟಿಗೆ ಎಷ್ಟು ಹತ್ತಿರ ಬಿಡುತ್ತಾರೋ ಅಷ್ಟು ಹೋಗಿ, ಪಕ್ಕಕ್ಕೆ ಸರಿಯದೆ ನೇರಕ್ಕೆ ನಿಲ್ಲಿ. ಹಳೇ ಶೂ ಹಾಕಿಕೊಳ್ಳಿ, ಹೊಟ್ಟೆ ತುಂಬಾ ತಿಂದು ಹೋಗಿ. ಫೋನ್‌ನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿಕೊಂಡು ಆಮೇಲೆ ಜೇಬಿಗೆ ಹಾಕಿಬಿಡಿ. ಮಾತು ಬಾಯಿಗೆ ಬರದಿದ್ದರೆ ಗಿಟಾರ್ ಹಾಡಿ. ಪಕ್ಕದವರೂ ಅದನ್ನೇ ಹಾಡುತ್ತಿರುತ್ತಾರೆ.