ಅಮೆರಿಕದ ಕೆಲ್ಲಿ ಕ್ಲಾರ್ಕ್ ಗೆದ್ದದ್ದು ಒಂದೇ ಒಲಿಂಪಿಕ್ ಚಿನ್ನ. ಆದರೂ ಅವರನ್ನು ಮಹಿಳಾ ಸ್ನೋಬೋರ್ಡಿಂಗ್‌ನ (ಒಂದೇ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಕ್ರೀಡೆ) ಅಗ್ರಗಣ್ಯರೆಂದು ಏಕೆ ಎಣಿಸುತ್ತಾರೆ?

ಪದಕಗಳನ್ನಷ್ಟೇ ಲೆಕ್ಕ ಹಾಕಿದರೆ ನಿಮ್ಮ ಸಂದೇಹ ಸಹಜವೇ: ಒಂದು ಚಿನ್ನ, ಎರಡು ಕಂಚು. ಆದರೆ ನನ್ನ ದೃಷ್ಟಿಯಲ್ಲಿ ಅವರ ಹಿರಿಮೆಯನ್ನು ಅಳೆಯಬೇಕಾದದ್ದು 2011ರ ಜನವರಿಯಲ್ಲಿ ಆಸ್ಪೆನ್‌ನ ವಿಂಟರ್ ಎಕ್ಸ್ ಗೇಮ್ಸ್ ಎಂಬ ಹಿಮದ ಸಾಹಸಕ್ರೀಡೆಗಳ ಕೂಟದಲ್ಲಿ ಅವರು ಹಾರಿದ ಒಂದು ಜಿಗಿತದಿಂದ.

ಅವರ ಸ್ಪರ್ಧೆಯಾದ ಹಾಫ್‌ಪೈಪ್ ಎಂದರೆ, ಉದ್ದಕ್ಕೆ ಸೀಳಿದ ಕೊಳವೆಯಂತೆ ಹಿಮದಲ್ಲಿ ಕಡೆದ ಇಳಿಜಾರು ಕಾಲುವೆ. ಈಗಿನ ದೊಡ್ಡ ಸ್ಪರ್ಧೆಗಳಲ್ಲಿ ಅದರ ಗೋಡೆಗಳು 22 ಅಡಿ ಎತ್ತರವಿರುತ್ತವೆ. ಸ್ಪರ್ಧಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಜಾರುತ್ತ, ಪ್ರತಿ ಸಲವೂ ಅಂಚನ್ನು ದಾಟಿ ಮೇಲಕ್ಕೆ ಹಾರಿ, ಗಾಳಿಯಲ್ಲಿ ತಿರುಗಿ, ಮತ್ತೆ ಅದೇ ಗೋಡೆಯ ಮೇಲೆ ಇಳಿಯಬೇಕು. ಹೀಗೆ ಮೂರು ಪೂರ್ಣ ಸುತ್ತು ತಿರುಗುವುದಕ್ಕೆ, ಸುತ್ತಿಗೆ 360 ಡಿಗ್ರಿಯ ಲೆಕ್ಕದಲ್ಲಿ, 'ಟೆನ್ ಎಯ್ಟಿ' ಎಂದು ಹೆಸರು. ಅಲ್ಲಿಯವರೆಗೆ ಯಾವ ಮಹಿಳೆಯೂ ಸ್ಪರ್ಧೆಯಲ್ಲಿ ಅದನ್ನು ಪೂರೈಸಿರಲಿಲ್ಲ. ಅಂದು ಕ್ಲಾರ್ಕ್ ಅವರ ಗೆಲುವು ಆಗಲೇ ಖಚಿತವಾಗಿದ್ದುದರಿಂದ ಕೊನೆಯ ರನ್ ಅನ್ನು, ಅಂದರೆ ಕಾಲುವೆಯ ಕೊನೆಯ ಇಳಿತವನ್ನು, ಅವರು ಹಗುರವಾಗಿ ಮುಗಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಅದೇ ರನ್‌ನಲ್ಲಿ ಟೆನ್ ಎಯ್ಟಿ ಹಾರಿ ಸರಿಯಾಗಿ ನೆಲಕ್ಕಿಳಿದರು.

ಇನ್ನೊಂದು ಕಾರಣ ಅವರ ಬಾಳಿಕೆ. ವರ್ಮಾಂಟ್‌ನಲ್ಲಿ ಬೆಳೆದ ಕ್ಲಾರ್ಕ್ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಆ ಕೂಟದ ಮೊದಲ ಚಿನ್ನ ತಂದಾಗ ಅವರಿಗೆ 18 ವರ್ಷ. 2006ರ ಟ್ಯೂರಿನ್‌ನಲ್ಲಿ ಕೊನೆಯ ಜಿಗಿತದಲ್ಲಿ ಎಡವಿ ನಾಲ್ಕನೆಯವರಾದರು. ಅಷ್ಟು ಬೇಗ ಶಿಖರ ಮುಟ್ಟಿ ಹಾಗೆ ಜಾರಿದವರು ಆಟವನ್ನೇ ಬಿಟ್ಟಿದ್ದರೆ ಆಶ್ಚರ್ಯವಿರಲಿಲ್ಲ. ಅವರು ಉಳಿದರು, 2010ರ ವ್ಯಾಂಕೂವರ್‌ನಲ್ಲಿ ಕಂಚು ಗೆದ್ದರು, 2014ರ ಸೋಚಿಯ ಅಂತಿಮ ಸುತ್ತಿನ ಮೊದಲ ರನ್‌ನಲ್ಲಿ ಬಿದ್ದರೂ ಎರಡನೆಯದರಲ್ಲಿ ಸಾವರಿಸಿಕೊಂಡು ಮತ್ತೊಂದು ಕಂಚು ಗಳಿಸಿದರು. ಎಕ್ಸ್ ಗೇಮ್ಸ್ ಪದಕಗಳನ್ನು ಇಲ್ಲಿ ಎಣಿಸುತ್ತ ಕೂರುವುದಿಲ್ಲ, ಅವು ಬಹಳ. ಎಳೆಯ ಸ್ನೋಬೋರ್ಡರ್‌ಗಳಿಗೆ ಹಣದ ನೆರವು ನೀಡುವ ಪ್ರತಿಷ್ಠಾನವೊಂದನ್ನೂ 2010ರಲ್ಲಿ ಸ್ಥಾಪಿಸಿದರು.

ಅವರ ಐದನೆಯ ಒಲಿಂಪಿಕ್ಸ್ 2018ರ ಪ್ಯೊಂಗ್‌ಚಾಂಗ್. ಅಲ್ಲಿ ಗೆದ್ದವರು 17 ವರ್ಷದ ಕ್ಲೋಯಿ ಕಿಮ್; ಕ್ಲಾರ್ಕ್ ಚಿನ್ನ ಗೆದ್ದಾಗ ಕಿಮ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ಕೊನೆಯ ರನ್‌ನಲ್ಲಿ ಕಿಮ್ ಬೆನ್ನುಬೆನ್ನಿಗೆ ಎರಡು ಟೆನ್ ಎಯ್ಟಿ ಹಾರಿ 98.25 ಅಂಕ ಪಡೆದರು. ಆ ಸ್ಪರ್ಧೆಯಲ್ಲಿ 34 ವರ್ಷದ ಕ್ಲಾರ್ಕ್ ನಾಲ್ಕನೆಯವರಾದರು, 2019ರ ಜನವರಿಯಲ್ಲಿ ನಿವೃತ್ತಿ ಘೋಷಿಸಿದರು.